ಪೆಟ್ಟು ತಿಂದು ರಿಪೇರಿಯಾದ ಕಾರನ್ನು ಕೊಳ್ಳುವ ಮುನ್ನ

ಅಪಘಾತಕ್ಕೋ ನೆರೆಗೋ ಸಿಕ್ಕ ಕಾರಿನ ದುರಸ್ತಿ ವೆಚ್ಚವು ಅದರ ವಿಮಾ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತವೆ. ಹಾಗೆ ಗುಜರಿ ದರಕ್ಕೆ ಹೋದ ಗಾಡಿಯೇ ರಿಪೇರಿಯಾಗಿ, ಹೊಸ ಬಣ್ಣ ಬಳಿದುಕೊಂಡು ಮತ್ತೆ ಮಾರಾಟಕ್ಕೆ ಬರುವುದುಂಟು. ಆರ್‌ಸಿ ನೋಡಿದರೆ ಇದು ತಿಳಿಯದು. ಆದ್ದರಿಂದ ಹಳೆಯ ಪಾಲಿಸಿ, ಕ್ಲೈಮಿನ ವಿವರ ಹಾಗೂ ಸರ್ವಿಸ್ ದಾಖಲೆಗಳನ್ನು ಕೇಳಿ ಪಡೆಯಬೇಕು. ಮಾರುವವರು ಹಿಂಜರಿದರೆ ಮಾತುಕತೆ ಅಲ್ಲಿಗೇ ಸಾಕು.

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿ ಹರಿದ ಉತ್ತರ ಕನ್ನಡ ಜಿಲ್ಲೆಯಲ್ಲಿ ನೀರಿನ ಗುರುತನ್ನೇ ಮೊದಲು ಹುಡುಕುವುದು ಲೇಸು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣಸಿಗಬಹುದು. ಉಪ್ಪುಗಾಳಿಗೆ ಕಾರವಾರದ ಯಾವ ಗಾಡಿಯ ತಳಕ್ಕಾದರೂ ತುಕ್ಕು ಹಿಡಿದೀತು, ಅದು ದೊಡ್ಡ ಮಾತಲ್ಲ. ಆದರೆ ಸೀಟಿನಡಿಯ ಬೋಲ್ಟುಗಳಲ್ಲಿ ತುಕ್ಕು, ವೈರಿಂಗ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಅಂಥ ಕಾರು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬಾಗಿಲು, ಬಂಪರ್ ಮಾತ್ರ ಬದಲಾಗಿದ್ದರೆ ದರ ಇಳಿಸಿ ಕೊಳ್ಳಬಹುದು. ಕಾರಿನ ಮೂಲ ಚೌಕಟ್ಟಾದ ಚಾಸಿಗೆ ಬೆಸುಗೆ ಬಿದ್ದಿದೆಯೇ ಎಂಬುದನ್ನು ನಿಮ್ಮದೇ ಮೆಕ್ಯಾನಿಕ್ ಲಿಫ್ಟಿನ ಮೇಲೆ ಪರೀಕ್ಷಿಸಲಿ; ಬಳಿಕ ದೇವಿಮನೆ ಘಾಟಿಯನ್ನೊಮ್ಮೆ ಹತ್ತಿಳಿಸಿ, ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಎಂದು ಗಮನಿಸಿ. ಪೂರ್ಣ ವಿಮೆ ನೀಡಲು ಕಂಪನಿ ಲಿಖಿತವಾಗಿ ಒಪ್ಪುವವರೆಗೆ ಮುಂಗಡ ಕೊಡಬೇಡಿ.