ಸಿ7 ಸಿ5 ಇ3 40: ಮೇನ್‌ಫ್ರೇಮಿಗೆ ಲಿಬ್‌ಕರ್ಲ್ ಒಯ್ದ ನನ್ನ ಅನುಭವ

ಐಬಿಎಂನ ದೊಡ್ಡ ಗಣಕವಾದ ಮೇನ್‌ಫ್ರೇಮಿನಿಂದ ಹೊರಗಿನ ಸರ್ವರಿಗೆ, ಎಚ್‌ಟಿಟಿಪಿ ಕರೆ ನಡೆಸಿಕೊಡುವ ಲಿಬ್‌ಕರ್ಲ್ ಎಂಬ ಲೈಬ್ರರಿಯ ಮೂಲಕ, ನಮ್ಮ ಪ್ರೋಗ್ರಾಮು ಮೊದಲ ಸಲ ಕರೆ ಹಚ್ಚಿದಾಗ ಪರದೆಯ ಮೇಲೆ ಬಂದದ್ದು ಹೀಗಿತ್ತು: ಬಾಲ ಬಿಟ್ಟ ಒಂದು ಸಿ, ನೆತ್ತಿಯ ಮೇಲೆ ಗೀಟಿರುವ ಎರಡು ಇ, ಆಮೇಲೆ ಒಂದು ಆಂಪರ್ಸ್ಯಾಂಡ್. ಅದು ಸರ್ವರಿನ ಉತ್ತರದ ಮೊದಲಿಗೆ ಇರುವ 'ಎಚ್‌ಟಿಟಿಪಿ' ಎಂಬ ನಾಲ್ಕು ಅಕ್ಷರಗಳು ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ನೆಟ್‌ವರ್ಕಿನಲ್ಲಿ ಹೋದ ಬೈಟುಗಳ ದಾಖಲೆಯನ್ನು, ಅಂದರೆ ಪ್ಯಾಕೆಟ್ ಟ್ರೇಸ್, ತೆಗೆಸಿ ನೋಡಿದೆ. ನಾವು ಕೋರಿಕೆಯ ಮೊದಲಿಗೆ ಕಳಿಸುವ 'ಗೆಟ್' ಮತ್ತು ಅದರ ಪಕ್ಕದ ಸ್ಪೇಸ್, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 47 45 54 20 ಎಂದು ಹೋಗಬೇಕು. ಹೋಗಿದ್ದು ಸಿ7 ಸಿ5 ಇ3 40. ಅದೂ 'ಗೆಟ್' ಅಂತಲೇ, ಆದರೆ ಎಬ್ಸಿಡಿಕ್‌ನಲ್ಲಿ, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಮೇನ್‌ಫ್ರೇಮಿನ ಪದ್ಧತಿಯಲ್ಲಿ. ಸರ್ವರಿಗೆ ಅದು ಕಸ. 400, ಅಂದರೆ ಕೋರಿಕೆಯೇ ಸರಿಯಿಲ್ಲ, ಎಂದು ಉಗಿದು ಕಳಿಸಿತ್ತು. ಅದು ಬೇರೆ ಯಂತ್ರಗಳ ಪದ್ಧತಿಯಾದ ಆಸ್ಕಿಯಲ್ಲಿ ಉಗಿದದ್ದು ನಮಗೆ ಕಸವಾಗಿ ಕಂಡಿತ್ತು.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೈಟುಗಳು ಸರಿಯಾಗಿಯೇ ಇರುತ್ತವೆ, ಓದುವ ಕಣ್ಣು ಬೇರೆ.

ನಾನು ಬೆಂಗಳೂರಿನಲ್ಲಿ ಕೂತು ಲಿನಕ್ಸ್ ಮೇಲೆ ಸಿ ಬರೆಯುತ್ತಿದ್ದವನು. ಮೇನ್‌ಫ್ರೇಮ್ ಎಂದರೆ ಇನ್ನೊಂದು ಮಹಡಿಯವರ ಕೆಲಸ ಎಂದುಕೊಂಡಿದ್ದೆ. ನಮ್ಮ ಮೇನ್‌ಫ್ರೇಮಿನಲ್ಲಿ ರಾತ್ರಿ ಓಡುವ, ಕೋಬಾಲ್ ಭಾಷೆಯಲ್ಲಿ ಬರೆದ ಬ್ಯಾಚ್ ಜಾಬು ಒಂದು ಫೈಲು ಬರೆಯುತ್ತಿತ್ತು. ಅದನ್ನು ಎಫ್‌ಟಿಪಿಯಲ್ಲಿ ಒಂದು ಲಿನಕ್ಸ್ ಯಂತ್ರಕ್ಕೆ ಸಾಗಿಸಿ, ಅಲ್ಲಿ ನನ್ನ ಸಿ ಪ್ರೋಗ್ರಾಮು ಲಿಬ್‌ಕರ್ಲ್ ಮೂಲಕ ಹೊರಗಿನ ಎಪಿಐಗೆ ಕಳಿಸುತ್ತಿತ್ತು. 2019ರಲ್ಲಿ ಆ ನಡುವಿನ ಯಂತ್ರ ಬೇಡ ಎಂದು ತೀರ್ಮಾನವಾಯಿತು. ನೇರ ಝಡ್/ಓಎಸ್‌ನಿಂದಲೇ, ಅಂದರೆ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂನಿಂದಲೇ, ಹೋಗಬೇಕು. ಐಬಿಎಂನವರು ಝಡ್/ಓಎಸ್ ಜೊತೆಗೇ ಕೊಡುವ ವೆಬ್ ಎನೇಬಲ್‌ಮೆಂಟ್ ಟೂಲ್‌ಕಿಟ್ ಬಳಸಬಹುದಿತ್ತಲ್ಲ ಎಂದು ಬಲ್ಲವರು ಕೇಳುತ್ತಾರೆ. ಬಳಸಬಹುದಿತ್ತು. ಆದರೆ ಮರುಪ್ರಯತ್ನ, ಕಾಯುವ ಅವಧಿ, ಪ್ರಾಕ್ಸಿ ಎಂದು ವರ್ಷಗಟ್ಟಲೆ ತಿದ್ದಿದ್ದೆಲ್ಲ ಲಿಬ್‌ಕರ್ಲ್ ಮೇಲೆ ಕೂತಿತ್ತು, ಅದೇ ಕೋಡು ಬೇರೆ ಕಡೆ ಲಿನಕ್ಸ್‌ನಲ್ಲಿ ಓಡುತ್ತಲೂ ಇತ್ತು. ಎರಡು ಪ್ರತಿ ಸಾಕುವುದು ಬೇಡವಾಗಿತ್ತು.

ಲಿಬ್‌ಕರ್ಲ್ ಯಾವುದರ ಭಾಗವೋ ಆ ಕರ್ಲ್ ಹುಟ್ಟಿದ್ದು 1998ರಲ್ಲಿ, ಅದು ಓಡದ ವ್ಯವಸ್ಥೆ ಹುಡುಕುವುದೇ ಕಷ್ಟ. ಝಡ್/ಓಎಸ್ ಒಳಗೆ, ಅದರ ಹಿಂದಿನ ಆವೃತ್ತಿಗಳಿದ್ದ 1990ರ ದಶಕದಿಂದಲೇ, ಯುನಿಕ್ಸ್ ಪದರವೂ ಇದೆ: ಶೆಲ್ ಇದೆ, ನೆಟ್‌ವರ್ಕ್ ಸಂಪರ್ಕಕ್ಕೆ ಸಾಕೆಟ್ ಇದೆ, ಆ ಸಂಪರ್ಕಗಳನ್ನು ಕಾಯಲು ಪೋಲ್ ಮತ್ತು ಸೆಲೆಕ್ಟ್ ಇವೆ. ಎರಡು ವಾರ ಎಂದು ಅಂದಾಜು ಬರೆದುಕೊಟ್ಟೆ.

ಆಗ ಲಿಬ್‌ಕರ್ಲ್‌ನಲ್ಲೇ ಎಬ್ಸಿಡಿಕ್ ಯಂತ್ರಗಳಿಗೆಂದು ಒಂದು ಸೌಲಭ್ಯ ಇತ್ತು. ಪ್ರೋಗ್ರಾಮು ಎಬ್ಸಿಡಿಕ್‌ನಲ್ಲೇ ಇರಲಿ, ನೆಟ್‌ವರ್ಕಿಗೆ ಹೋಗುವಾಗ ಬರುವಾಗ ಮಾತ್ರ ನೀವು ಕೊಟ್ಟ ಫಂಕ್ಷನ್ನನ್ನು ಕರೆದು ಬದಲಾಯಿಸಿಕೊಳ್ಳುತ್ತೇವೆ ಎಂಬ ಏರ್ಪಾಡು. ಇನ್ನೇನು ಬೇಕು ಎನ್ನಿಸಿತು. ಬದಲಾವಣೆಯ ಕೋಷ್ಟಕವನ್ನು ನಮ್ಮಲ್ಲೇ ಇದ್ದ ಹಳೆಯ ಪ್ರೋಗ್ರಾಮಿನಿಂದ ಎತ್ತಿಕೊಂಡೆ. ಈಗ 'ಗೆಟ್' ಸರಿಯಾಗಿ ಹೋಯಿತು. ಆದರೆ ಸರ್ವರು ಉತ್ತರವನ್ನೇ ಕೊಡದೆ ಕೂತುಬಿಡುತ್ತಿತ್ತು, ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿಯುತ್ತಿತ್ತು.

ಮತ್ತೆ ಟ್ರೇಸ್. ಹೆಡರುಗಳ ಸಾಲು ಮುಗಿಯುವಲ್ಲಿ 0ಡಿ 0ಎ ಇರಬೇಕು. ಇದ್ದದ್ದು 0ಡಿ 85. ಸಿ ಭಾಷೆಯ 'ಹೊಸ ಸಾಲು' ಇಲ್ಲಿ ಹೆಕ್ಸ್ 15. ಎಬ್ಸಿಡಿಕ್‌ನಲ್ಲಿ ಸಾಲು ಮುಗಿಸುವ ಚಿಹ್ನೆ ಎರಡಿವೆ, 15 ಒಂದು, 25 ಇನ್ನೊಂದು. ನಾನು ಎತ್ತಿಕೊಂಡ ಕೋಷ್ಟಕ 25ನ್ನು 0ಎ ಮಾಡುತ್ತಿತ್ತು, 15ನ್ನು 85 ಮಾಡುತ್ತಿತ್ತು. ಸರ್ವರಿನ ದೃಷ್ಟಿಯಲ್ಲಿ ನನ್ನ ಮೊದಲ ಸಾಲೇ ಮುಗಿದಿರಲಿಲ್ಲ. ಪಾಪ, ಅದು ಸೌಜನ್ಯದಿಂದ ಕಾಯುತ್ತಿತ್ತು.

ಅದನ್ನು ಸರಿಮಾಡಿದ ಮೇಲೆ ಸಿಕ್ಕಿಬಿದ್ದದ್ದು ನನ್ನ ಸ್ವಂತ ಕೋಡು. ಯುಆರ್‌ಎಲ್‌ನಲ್ಲಿ ಯಾವ ಅಕ್ಷರ ಹಾಗೇ ಹೋಗಬಹುದು, ಯಾವುದನ್ನು ಶೇಕಡಾ ಚಿಹ್ನೆ ಹಾಕಿ ಬರೆಯಬೇಕು ಎಂದು ನೋಡುವ ಫಂಕ್ಷನ್. 'ದೊಡ್ಡ ಎ ಇಂದ ದೊಡ್ಡ ಝಡ್ ಒಳಗಿದ್ದರೆ ಅಕ್ಷರ' ಎಂದು ಎಲ್ಲರಂತೆ ನಾನೂ ಬರೆದಿದ್ದೆ. ಎಬ್ಸಿಡಿಕ್‌ನಲ್ಲಿ ವರ್ಣಮಾಲೆ ಒಂದೇ ಸರ ಅಲ್ಲ. ದಶಮಾಂಶದಲ್ಲಿ ಹೇಳಿದರೆ ಎ ಇಂದ ಐ ತನಕ 193ರಿಂದ 201. ಜೆ ಶುರುವಾಗುವುದು 209ಕ್ಕೆ, ಆರ್ ಮುಗಿಯುವುದು 217ಕ್ಕೆ. ಎಸ್ ಬರುವುದು 226ಕ್ಕೆ. ಪಂಚ್ ಕಾರ್ಡಿನಲ್ಲಿ ತೂತು ಹೊಡೆಯುವ ವಲಯಗಳು ಮೂರಿದ್ದವು, ಅಕ್ಷರಗಳು ಇಂದಿಗೂ ಆ ಮೂರು ಗುಂಪಿನಲ್ಲೇ ಕೂತಿವೆ. ನಡುವಿನ ಸಂದಿಯಲ್ಲಿ ಬೇರೆಯವರು ಮನೆ ಮಾಡಿದ್ದಾರೆ: 208ರಲ್ಲಿ ಮುಚ್ಚುವ ಹೂವಿನ ಬ್ರಾಕೆಟ್, 224ರಲ್ಲಿ ಬ್ಯಾಕ್‌ಸ್ಲ್ಯಾಶ್. ನನ್ನ ಫಂಕ್ಷನ್ ಎರಡನ್ನೂ ಇಂಗ್ಲಿಷ್ ಅಕ್ಷರ ಎಂದು ಒಪ್ಪಿಕೊಂಡು ಹಾಗೇ ಬಿಡುತ್ತಿತ್ತು. ತೆರೆಯುವ ಬ್ರಾಕೆಟ್ 192ರಲ್ಲಿ, ಎ ಅಕ್ಷರಕ್ಕಿಂತ ಒಂದು ಹೆಜ್ಜೆ ಆಚೆ ಇರುವುದರಿಂದ ಅದಕ್ಕೆ ಮಾತ್ರ ಶೇಕಡಾ ಚಿಹ್ನೆ ಬೀಳುತ್ತಿತ್ತು. ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೀಗಾಗುವುದನ್ನು ನೋಡಿ ನನಗೆ ತಲೆ ಕೆಟ್ಟಿತ್ತು.

ಕರ್ಲ್‌ನ ಮೂಲದಲ್ಲಿ ಇದೇ ಕೆಲಸಕ್ಕೆ ಪ್ರತಿಯೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೇಸ್ ಹಾಕಿ ಬರೆದಿದ್ದರು. ಲಿನಕ್ಸ್ ದಿನಗಳಲ್ಲಿ ಅದನ್ನು ಕಂಡು 'ಇವರಿಗೆ ಬೇರೆ ಕೆಲಸ ಇಲ್ಲವೇ' ಎಂದು ನಕ್ಕಿದ್ದೆ. ಅದರ ತಲೆಯ ಮೇಲೆ ಎಬ್ಸಿಡಿಕ್ ನೆನಪಿರಲಿ ಎಂಬ ಅರ್ಥದ ಕಾಮೆಂಟೂ ಇತ್ತು. ಓದಿಯೂ ಇದ್ದೆ.

ಮೂರನೇ ವಾರ ಆ ದಾರಿಯನ್ನೇ ಕೈಬಿಟ್ಟೆ. ಲೈಬ್ರರಿಯ ಒಳಗೆ ಎಲ್ಲಿ ನೋಡಿದರೂ ಈ ಬೈಟು ಈಗ ಆ ಕಡೆಯದೋ ಈ ಕಡೆಯದೋ ಎಂದು ಕೇಳಿಕೊಳ್ಳುತ್ತ ಕೂರಬೇಕಿತ್ತು. ಕುಕಿ, ಬೇಸ್64, ಚಂಕ್ ಉದ್ದ, ಎಲ್ಲ ಕಡೆ ಅದೇ ಪ್ರಶ್ನೆ. ಗಡಿ ಒಂದೇ ಇರಬೇಕು, ಅದೂ ಆದಷ್ಟು ಹೊರಗೆ. ಇದು ನನ್ನ ಬುದ್ಧಿಯಲ್ಲ. ಎಬ್ಸಿಡಿಕ್ ಬಳಸುವ ಐಬಿಎಂನ ಇನ್ನೊಂದು ವ್ಯವಸ್ಥೆಯಾದ ಓಎಸ್/400ಕ್ಕೆ ಕರ್ಲ್ ಒಯ್ದವರು ಇದನ್ನೇ ಮಾಡಿದ್ದರು: ಲೈಬ್ರರಿ ಪೂರ್ತಿ ಆಸ್ಕಿಯಲ್ಲಿ, ಎಬ್ಸಿಡಿಕ್ ಬೇಕೆನ್ನುವವರಿಗೆ ಸುತ್ತಲೂ ತೆಳುವಾದ ಒಂದು ಪದರ. 2022ರ ಮಾರ್ಚಿನ 7.82.0 ಆವೃತ್ತಿಯಲ್ಲಿ ಆ ಹಳೆಯ ಬದಲಾವಣೆ ಸೌಲಭ್ಯವನ್ನು ಕರ್ಲ್‌ನಿಂದ ತೆಗೆದೇ ಹಾಕಿದರು. ಅಷ್ಟು ಹೊತ್ತಿಗೆ ನಾನು ಅದರಿಂದ ಹೊರಗೆ ಬಂದಿದ್ದೆ, ಪುಣ್ಯ.

ಐಬಿಎಂನ ಸಿ ಕಂಪೈಲರಿಗೆ ಆಸ್ಕಿ ಎಂಬ ಆಯ್ಕೆ ಇದೆ. ಕೊಟ್ಟರೆ ಕೋಡಿನ ಎಲ್ಲ ಸ್ಟ್ರಿಂಗುಗಳೂ ಆಸ್ಕಿಯಲ್ಲಿ ಕೂರುತ್ತವೆ, ಪ್ರಿಂಟ್‌ಎಫ್‌ನಂಥ ಫಂಕ್ಷನ್ನುಗಳ ಆಸ್ಕಿ ರೂಪಗಳು ತಾವಾಗಿ ಜೋಡಣೆಯಾಗುತ್ತವೆ. ಮೂಲ ಫೈಲುಗಳಿಗೆ 'ಇದು ಆಸ್ಕಿ ಪಠ್ಯ' ಎಂದು ಟ್ಯಾಗ್ ಹಚ್ಚಬೇಕು. ಅದಕ್ಕೆ ಸಿಎಚ್‌ಟ್ಯಾಗ್ ಎಂಬ ಕಮಾಂಡ್. ಕಿರಿಕಿರಿ ಎಲ್ಲಿ ಅಂದರೆ ಬಿಲ್ಡ್‌ಗೆ ಮುಂಚೆ ವ್ಯವಸ್ಥೆಯಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟು ತಾನು ಹುಟ್ಟಿಸುವ ಫೈಲುಗಳಿಗೆ ಟ್ಯಾಗ್ ಹಚ್ಚುವುದಿಲ್ಲ. ಒಂದೇ ಡೈರೆಕ್ಟರಿಯಲ್ಲಿ ಅರ್ಧ ಆಸ್ಕಿ, ಅರ್ಧ ಎಬ್ಸಿಡಿಕ್. ಎಲ್‌ಎಸ್‌ಗೆ ದೊಡ್ಡ ಟಿ ಕೊಟ್ಟು ನೋಡದೆ ಯಾವುದು ಯಾವುದು ಎಂದು ಗೊತ್ತಾಗುವುದಿಲ್ಲ. ಜೊತೆಗೆ ಅದೇ ಸ್ಕ್ರಿಪ್ಟು ನನಗೆ ಸದ್ದಿಲ್ಲದೆ ಮೋಸವನ್ನೂ ಮಾಡಿತು. ಝಡ್/ಓಎಸ್‌ನ ಹೆಡರ್ ಫೈಲುಗಳು ಸರಿಯಾದ ಮ್ಯಾಕ್ರೊ ಇಲ್ಲದೆ ಏನನ್ನೂ ತೋರಿಸುವುದಿಲ್ಲ. ಐಪಿವಿ6ರ ಮ್ಯಾಕ್ರೊ ಕೊಡದೆ ಹೋದದ್ದಕ್ಕೆ ಹೆಸರಿನಿಂದ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೊ ಇಲ್ಲವೇ ಇಲ್ಲ ಎಂದು ಅದು ತೀರ್ಮಾನಿಸಿ, ಹಳೆಯ ಗೆಟ್‌ಹೋಸ್ಟ್‌ಬೈನೇಮ್ ಹಾಕಿ ಬಿಲ್ಡ್ ಮುಗಿಸಿತ್ತು. ಎಚ್ಚರಿಕೆ ಒಂದೂ ಇಲ್ಲ. ಕಾನ್ಫಿಗರ್ ಏನೇನನ್ನು 'ಇಲ್ಲ' ಅಂದಿತು ಎಂದು ಲಿನಕ್ಸ್‌ನ ಪಟ್ಟಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದಾಗ ಸಿಕ್ಕಿತು.

ಚಿಲ್ಲರೆ ವಿಷಯಗಳೂ ಇದ್ದವು. ಇಲ್ಲಿ ಸಿ ಭಾಷೆಯ ಚಾರ್‌ಗೆ ಋಣ ಬೆಲೆ ಇಲ್ಲ, ಹಾಗಾಗಿ 'ಸೊನ್ನೆಗಿಂತ ಕಡಿಮೆಯೇ' ಎಂಬ ನನ್ನ ಪರೀಕ್ಷೆಗಳು ಸತ್ತಂತೆ. ಥ್ರೆಡ್ಡಿಗೆ ಪಿಥ್ರೆಡ್ ಕೊಡುವ ಗುರುತು ಇಲ್ಲಿ ಪೂರ್ಣಾಂಕವಲ್ಲ, ಸ್ಟ್ರಕ್ಟ್. ಸೊನ್ನೆಯ ಜೊತೆ ಹೋಲಿಸಿದ ಕಡೆಯೆಲ್ಲ ಕಂಪೈಲರು ನಿಂತಿತು. ಯಂತ್ರ ಬಿಗ್ ಎಂಡಿಯನ್, ಅಂದರೆ ನೆಟ್‌ವರ್ಕಿನ ಹಾಗೇ ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುತ್ತದೆ. ಆದ್ದರಿಂದ ಬೈಟಿನ ಕ್ರಮ ಬದಲಿಸುವ ಎಚ್‌ಟಿಒಎನ್‌ಎಸ್ ಮರೆತರೂ ಎಲ್ಲ ಚೆನ್ನಾಗಿ ನಡೆಯುತ್ತದೆ, ಲಿನಕ್ಸ್ ಲ್ಯಾಪ್‌ಟಾಪಿಗೆ ಮರಳುವ ತನಕ.

ಇನ್ನು ಆ ಹೊರಗಿನ ಗಡಿ. ಕೋಬಾಲ್ ಜಾಬು ಕೋರಿಕೆಗಳನ್ನು ಒಂದು ಡೇಟಾಸೆಟ್ಟಿಗೆ (ಮೇನ್‌ಫ್ರೇಮಿನ ಫೈಲು) ಬರೆಯುತ್ತದೆ, ಜಾಬಿನ ಹೆಜ್ಜೆಗಳನ್ನು ಬರೆದಿಡುವ ಜೆಸಿಎಲ್‌ನ ಮುಂದಿನ ಸ್ಟೆಪ್ಪಿನಲ್ಲಿ ನನ್ನ ಸಿ ಪ್ರೋಗ್ರಾಮು ಅದನ್ನು ಬೈನರಿಯಾಗಿ ಓದಿ ಆಸ್ಕಿಗೆ ತಿರುಗಿಸುತ್ತದೆ. ದಾಖಲೆಗಳು ನಿಗದಿತ ಉದ್ದದವು. ಪಠ್ಯ ಮುಗಿದ ಮೇಲೆ ಉಳಿದದ್ದೆಲ್ಲ ಸ್ಪೇಸ್. ಮೊದಲ ದಿನ ಯುಆರ್‌ಎಲ್ ಜೊತೆ ಬಾಲದಲ್ಲಿ ನಲವತ್ತು ಚಿಲ್ಲರೆ ಸ್ಪೇಸುಗಳೂ ಹೊರಟಿದ್ದವು. ಅದು ಸುಲಭ, ಕತ್ತರಿಸಿದೆ.

ಕಾಡಿದ್ದು ಚೌಕ ಬ್ರಾಕೆಟ್. ಮಾಹಿತಿಯನ್ನು ಬರೆದು ಕಳಿಸುವ ರೂಪವಾದ ಜೆಸಾನ್‌ನಲ್ಲಿ ಒಂದೇ ವಸ್ತು ಇದ್ದ ಕೋರಿಕೆ ಹೋಗುತ್ತಿತ್ತು, ಚೌಕ ಬ್ರಾಕೆಟ್ಟಿನೊಳಗೆ ಪಟ್ಟಿ ಇದ್ದದ್ದು ತಿರಸ್ಕೃತವಾಗುತ್ತಿತ್ತು. ಉದ್ದದ ತೊಂದರೆ ಎಂದುಕೊಂಡು ಎರಡು ದಿನ ಹಾಳುಮಾಡಿದೆ. ನಿಜ ಏನೆಂದರೆ ಎಬ್ಸಿಡಿಕ್ ಒಂದೇ ಅಲ್ಲ. ಯುನಿಕ್ಸ್ ಕಡೆಯವರದು 1047 ಎಂಬ ಸಂಖ್ಯೆಯ ಬಗೆ, ಕೋಬಾಲ್ ಬರೆದವರ 3270 ಎಮ್ಯುಲೇಟರು, ಅಂದರೆ ಪಿಸಿಯಲ್ಲಿ ಮೇನ್‌ಫ್ರೇಮಿನ ಪರದೆ ತೋರಿಸುವ ಪ್ರೋಗ್ರಾಮು, 037 ಎಂಬ ಬಗೆಯಲ್ಲಿತ್ತು. ಹೂವಿನ ಬ್ರಾಕೆಟ್ ಎರಡರಲ್ಲೂ ಒಂದೇ ಜಾಗ. ಚೌಕ ಬ್ರಾಕೆಟ್ 037ರಲ್ಲಿ ಹೆಕ್ಸ್ ಬಿಎ ಮತ್ತು ಬಿಬಿ, 1047ರಲ್ಲಿ ಎಡಿ ಮತ್ತು ಬಿಡಿ. ಆ ತಂಡದವರನ್ನು ಕೇಳಿದರೆ "ನಮ್ಮ ಸ್ಕ್ರೀನಲ್ಲಿ ಬ್ರಾಕೆಟ್ ಸರಿಯಾಗೇ ಕಾಣ್ತಿದೆಯಲ್ಲ ಸಾರ್" ಎಂದರು. ಸುಳ್ಳಲ್ಲ. ನನ್ನ ಸ್ಕ್ರೀನಿನಲ್ಲಿ ಅದೇ ಜಾಗದಲ್ಲಿ ತಲೆ ಮೇಲೆ ಗೀಟಿರುವ ವೈ ಕಾಣುತ್ತಿತ್ತು. ಅವರ ಮೇಜಿಗೇ ಹೋಗಿ ಹೆಕ್ಸ್ ಆನ್ ಮಾಡಿ ತೋರಿಸಿದ ಮೇಲೆ ಒಪ್ಪಿದರು.

ಶೆಲ್‌ನಲ್ಲಿ ಎಲ್ಲ ಸರಿಹೋಯಿತು ಎಂದು ಬ್ಯಾಚಿಗೆ ಹಾಕಿದರೆ ಮೊದಲ ಸಾಕೆಟ್ ಕರೆಗೇ ಇಡಿಸಿ5156ಐ, ಪ್ರೊಸೆಸ್ ಇನಿಶಿಯಲೈಸೇಶನ್ ಎರರ್. ಇಲ್ಲಿ ತಪ್ಪಿನ ಸಂಖ್ಯೆಯಾದ ಎರ್ರ್‌ನೋ ಒಂದೇ ನಂಬಿ ಕೂರಬಾರದು. ಜೊತೆಗೆ ಎರ್ರ್‌ನೋ2 ಎಂಬ ಕಾರಣದ ಸಂಖ್ಯೆ ಇರುತ್ತದೆ, ಅದನ್ನು ಬಿಪಿಎಕ್ಸ್‌ಎಂಟೆಕ್ಸ್ಟ್ ಎಂಬ ಕಮಾಂಡಿಗೆ ಕೊಟ್ಟರೆ ನಿಜ ಸಂಗತಿ ಬಾಯಿಬಿಡುತ್ತದೆ. ಇದನ್ನು ಲಾಗ್‌ನಲ್ಲಿ ಬರೆಯುವುದನ್ನು ಮೊದಲ ದಿನವೇ ಸೇರಿಸಬೇಕಿತ್ತು. ನಾನು ಸೇರಿಸಿರಲಿಲ್ಲ, ಹಾಗಾಗಿ ಸಿಸ್ಟಂ ಪ್ರೋಗ್ರಾಮರ್ ಹಿರಿಯರೊಬ್ಬರಿಗೆ ಫೋನು ಮಾಡಿದೆ. ಸಿಸ್‌ಲಾಗ್‌ನಲ್ಲಿ ಅನುಮತಿ ನಿರಾಕರಿಸಿದಾಗ ಬರುವ ಐಸಿಎಚ್408ಐ ಸಂದೇಶ ನೋಡಿ ನಕ್ಕರು.

"ಏನ್ರೀ, ನಿಮ್ಮ ಜಾಬಿನ ಐಡಿಗೆ ಓಎಂವಿಎಸ್ ಸೆಗ್ಮೆಂಟೇ ಇಲ್ಲ. ಡಬ್ ಹೇಗೆ ಆಗತ್ತೆ?"

ಮಾಮೂಲಿ ಬ್ಯಾಚ್ ಜಾಬೊಂದು ಮೊದಲ ಸಲ ಯುನಿಕ್ಸ್ ಸೇವೆ ಕೇಳಿದಾಗ ಅದನ್ನು ಯುನಿಕ್ಸ್ ಪ್ರೊಸೆಸ್ ಆಗಿಯೂ ದಾಖಲು ಮಾಡಿಕೊಳ್ಳುವುದಕ್ಕೆ ಇಲ್ಲಿ ಡಬ್ ಮಾಡುವುದು ಎನ್ನುತ್ತಾರೆ. ಕನ್ನಡದವನಾದ ನನಗೆ ಡಬ್ಬಿಂಗ್ ಎಂದರೆ ಬೇರೆಯೇ ಜಗಳ ನೆನಪಾಯಿತು. ಹಾಗೆ ದಾಖಲಾಗಲು ಐಡಿಗೆ ಓಎಂವಿಎಸ್ ಸೆಗ್ಮೆಂಟ್ ಎಂಬ ಯುನಿಕ್ಸ್ ವಿವರ ಇರಬೇಕು. ನನ್ನ ಐಡಿಗೆ ಅದು ಇತ್ತು, ರಾತ್ರಿ ಜಾಬು ಓಡುವ ಐಡಿಗೆ ಇರಲಿಲ್ಲ, ಅಷ್ಟೇ.

ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಟಿಎಲ್‌ಎಸ್‌ಗೆ ಲೈಬ್ರರಿಯೊಳಗೆ ಏನನ್ನೂ ಹಾಕಲಿಲ್ಲ. ಝಡ್/ಓಎಸ್‌ನಲ್ಲಿ ಎಟಿ-ಟಿಎಲ್‌ಎಸ್ ಇದೆ: ಪ್ರೋಗ್ರಾಮು ಸಾದಾ ಮಾತಾಡುತ್ತದೆ, ಪಾಲಿಸಿ ನೋಡಿ ಟಿಸಿಪಿ ಸ್ಟ್ಯಾಕೇ ಗೂಢಲಿಪಿ ಮಾಡಿ ಕಳಿಸುತ್ತದೆ. ಕೀಲಿಗಳು ಝಡ್/ಓಎಸ್‌ನ ಭದ್ರತಾ ವ್ಯವಸ್ಥೆಯಾದ ಆರ್‌ಎಸಿಎಫ್‌ನಲ್ಲಿ, ಭದ್ರತಾ ವಿಭಾಗದವರ ಕೈಯಲ್ಲಿ. ನನಗೆ ಬಹಳ ಹಿಡಿಸಿತು, ಆದರೆ ಪುಕ್ಕಟೆ ಅಲ್ಲ. ಲಿಬ್‌ಕರ್ಲ್‌ಗೆ ತಾನು ಸಾದಾ ಎಚ್‌ಟಿಟಿಪಿ ಮಾತಾಡುತ್ತಿದ್ದೇನೆ ಎಂದೇ ಗೊತ್ತು. ಆದ್ದರಿಂದ ಹೋಸ್ಟ್ ಹೆಡರಿನಲ್ಲಿ ಹೆಸರಿನ ಬೆನ್ನಿಗೆ 443 ಎಂಬ ಪೋರ್ಟ್ ಸಂಖ್ಯೆ ಅಂಟಿಸುತ್ತಿತ್ತು, ಎದುರಿನ ಒಂದು ಸರ್ವರಿಗೆ ಅದು ಒಗ್ಗಲಿಲ್ಲ. ಹೆಡರನ್ನು ಕೈಯಾರೆ ಕೊಡಬೇಕಾಯಿತು. ಸರ್ವರು ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋಗು ಎಂದು ದಾರಿ ತೋರಿಸಿದರೆ 'ಆ ಪ್ರೋಟೊಕಾಲ್ ನನಗೆ ಬರುವುದಿಲ್ಲ' ಎಂದು ಕೈಚೆಲ್ಲುತ್ತಿತ್ತು. ಹಾಗೆ ಬಂದ ವಿಳಾಸವನ್ನು ತಿರುಚಿ ಮತ್ತೆ ಕರೆಯುವ ನಾಲ್ಕು ಸಾಲು ಬರೆದಿದ್ದೇನೆ. ನೋಡಲು ಚೆಂದವಿಲ್ಲ.

ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಆಮೇಲೆ ಬಂತು. ತಿಂಗಳುಗಟ್ಟಲೆ ರಾತ್ರಿ ಜಾಬು ತಕರಾರಿಲ್ಲದೆ ಓಡಿತ್ತು. ಅದೇ ಗಡಿಯ ಕೋಡನ್ನು ಯಾವುದೋ ಪರೀಕ್ಷೆಗೆ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಮೊದಲ ನಿಮಿಷಕ್ಕೇ ಸೆಗ್‌ಫಾಲ್ಟ್. ಒಂದು ಕಡೆ ನಲ್ ಪಾಯಿಂಟರನ್ನು, ಅಂದರೆ ಸೊನ್ನೆ ವಿಳಾಸವನ್ನು, ಓದುತ್ತಿದ್ದೆ. ಝಡ್/ಓಎಸ್‌ನಲ್ಲಿ ಸೊನ್ನೆ ವಿಳಾಸದಲ್ಲಿ ವ್ಯವಸ್ಥೆಯದೇ ಮಾಹಿತಿ ಕೂತಿರುತ್ತದೆ, ಅದನ್ನು ಯಾರು ಬೇಕಾದರೂ ಓದಬಹುದು. ಬರೆಯಲು ಹೋದರೆ ಮಾತ್ರ 0ಸಿ4 ಎಂಬ ಅಬೆಂಡ್ ಆಗಿ ಪ್ರೋಗ್ರಾಮು ಸಾಯುತ್ತದೆ. ಅಂದರೆ ನನ್ನ ತಪ್ಪಿಗೆ ಮೇನ್‌ಫ್ರೇಮು ಪ್ರತಿ ರಾತ್ರಿ ಏನೋ ಒಂದು ಉತ್ತರ ಕೊಡುತ್ತಲೇ ಬಂದಿತ್ತು. ಅಂದಿನಿಂದ ಗಡಿಯ ಕೋಡೆಲ್ಲ ಮೊದಲು ಲಿನಕ್ಸ್‌ನಲ್ಲಿ, ಮೆಮೊರಿಯ ತಪ್ಪು ಹಿಡಿಯುವ ವ್ಯಾಲ್‌ಗ್ರೈಂಡ್ ಕೆಳಗೆ ಓಡಿ, ಆಮೇಲೆ ಆ ಕಡೆ ಹೋಗುತ್ತದೆ.

ಎರಡು ವಾರದ ಕೆಲಸ ಮೂರು ತಿಂಗಳು ಹಿಡಿಯಿತು. ಈಗ ಶುರುಮಾಡುವವರು ಇಷ್ಟು ಪಾಡು ಪಡಬೇಕಿಲ್ಲ, ಝಡ್‌ಓಪನ್ ಕಮ್ಯುನಿಟಿಯವರು ಕರ್ಲ್ ಅನ್ನು ಝಡ್/ಓಎಸ್‌ಗೆ ಸಿದ್ಧಮಾಡಿಯೇ ಕೊಡುತ್ತಾರೆ. ಆದರೆ ಡೇಟಾಸೆಟ್ ಓದುವ ಆ ಗಡಿಯ ಪದರವನ್ನು ಅವರವರೇ ಬರೆದುಕೊಳ್ಳಬೇಕು. ನನ್ನದರಲ್ಲಿ ಪ್ರತಿ ಓಟದ ಆರಂಭಕ್ಕೆ ಒಂದು ತಪಾಸಣೆ ಇದೆ: ಕೋರಿಕೆಯಲ್ಲಿ ಹೆಕ್ಸ್ ಬಿಎ ಕಂಡರೆ ಜಾಬು ನಿಲ್ಲುತ್ತದೆ, 'ನಿಮ್ಮ ಎಮ್ಯುಲೇಟರ್ 037ರಲ್ಲಿದೆ' ಎಂಬ ಸಂದೇಶ ಕೊಡುತ್ತದೆ. ಹೊಸಬರು ಯಾರಾದರೂ ಆ ತಂಡಕ್ಕೆ ಸೇರಿದಾಗಲೆಲ್ಲ ನಿಲ್ಲುತ್ತದೆ. ಹೋದ ತಿಂಗಳೂ ನಿಂತಿತ್ತು.