ಎರಡು ಸೀಟಿ ಕೇಳಿಸದ ಸಂಜೆ

ಔಷಧ ಕಂಪನಿಯ ಪ್ರತಿನಿಧಿಯಾಗಿ ನಾನು ಶಿವಮೊಗ್ಗದಲ್ಲಿ ಬೈಕ್ ಓಡಿಸಲು ಆರಂಭಿಸಿ 19 ವರ್ಷಗಳಾದವು. ವಾರದಲ್ಲಿ ಮೂರು ದಿನ ಊರೊಳಗಿನ ಆಸ್ಪತ್ರೆಗಳು, ಉಳಿದ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ. ಮಲೆನಾಡಿನ ರಸ್ತೆ ಎಂದರೆ ಘಾಟಿಯ ತಿರುವುಗಳಿಗೇ ಹೆದರಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಎಡ ಮಣಿಕಟ್ಟು ಮುರಿದದ್ದು ಊರ ನಡುವೆ, ಅಮೀರ್ ಅಹ್ಮದ್ ವೃತ್ತದ ಹತ್ತಿರ. ಆಗ ನನ್ನ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಕೂಡ ಇರಲಿಲ್ಲ.

ಜುಲೈ ತಿಂಗಳ ಸಂಜೆ, ಜಿಟಿಜಿಟಿ ಮಳೆ. ಎಡಗಡೆ ಒಂದು ಖಾಸಗಿ ಬಸ್, ಬಲಗಡೆ ಅಡಿಕೆ ಚೀಲ ಹೇರಿದ ಪಿಕಪ್. ಎರಡೂ ನಿಂತಿದ್ದವು. ನಡುವಿನ ಸಂದಿ ಸಾಕಷ್ಟು ಅಗಲವಿದೆ ಎಂದು ಕಂಡಿತು, ನುಗ್ಗಿದೆ. ಬಸ್ಸಿನ ಅರ್ಧ ಉದ್ದ ದಾಟಿರಬೇಕು, ಬಸ್ ಹೊರಟಿತು. ಮುಂದೆ ನಿಂತಿದ್ದ ಆಟೋವನ್ನು ತಪ್ಪಿಸಲು ಚಾಲಕ ಸ್ಟಿಯರಿಂಗನ್ನು ಬಲಕ್ಕೆ ಎಳೆದ. ನನ್ನ ಎಡಗನ್ನಡಿಗೆ ಬಸ್ಸಿನ ತಗಡು ತಾಗಿತು, ಹ್ಯಾಂಡಲ್ ತಿರುಗಿತು, ಗಾಬರಿಯಲ್ಲಿ ಮುಂಬ್ರೇಕ್ ಒತ್ತಿದೆ. ಬೈಕ್ ಅಲ್ಲೇ ಮಲಗಿತು. ರಸ್ತೆ ಬದಿಯಲ್ಲಿ ಹೂ ಮಾರುತ್ತಿದ್ದ ಹೆಂಗಸು ಕಿರುಚಿದ್ದರಿಂದ ಬಸ್ಸೂ ಪಿಕಪ್ಪೂ ನಿಂತವು. ಪಿಕಪ್ಪಿನ ಹಿಂದಿನ ಚಕ್ರ ನನ್ನ ಹೆಲ್ಮೆಟ್ಟಿನಿಂದ ಎಷ್ಟು ದೂರದಲ್ಲಿತ್ತು ಎಂಬುದನ್ನು ನಾನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.

ಕಂಡಕ್ಟರ್ ಎರಡು ಸೀಟಿ ಊದಿದ್ದನಂತೆ. ಒಂದು ಸೀಟಿ ನಿಲ್ಲಲು, ಎರಡು ಸೀಟಿ ಹೊರಡಲು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಹೆಲ್ಮೆಟ್ಟಿನ ಮೇಲೆ ರೇನ್‌ಕೋಟಿನ ಟೊಪ್ಪಿ ಎಳೆದುಕೊಂಡಿದ್ದ ನನಗೆ ಅದು ಕೇಳಿಸಲಿಲ್ಲ. ಬಸ್ ಚಾಲಕನ ತಪ್ಪು ಏನೂ ಇರಲಿಲ್ಲ. ಅವನ ಕನ್ನಡಿಯಲ್ಲಿ ಕಾಣದ ಜಾಗಕ್ಕೆ ನಾನೇ ಹೋಗಿ ಸೇರಿಕೊಂಡಿದ್ದೆ.

ಆರು ವಾರ ಕೈಗೆ ಪ್ಲಾಸ್ಟರ್. ಆ ಬಿಡುವಿನಲ್ಲಿ ಟೇಪು ಹಿಡಿದು ನನ್ನ ಬೈಕನ್ನು ಅಳೆದೆ. ಒಂದು ಕನ್ನಡಿಯ ತುದಿಯಿಂದ ಇನ್ನೊಂದರ ತುದಿಗೆ 78 ಸೆಂಟಿಮೀಟರ್. ಎರಡು ಲೇನಿನ ರಸ್ತೆಯ ಅಗಲ ಸಾಮಾನ್ಯವಾಗಿ 7 ಮೀಟರ್. ಬಸ್ಸಿನ ಅಗಲ 2.6 ಮೀಟರ್‌ವರೆಗೆ ಇರಬಹುದು. ಎರಡು ಬಸ್ಸುಗಳು ಅಕ್ಕಪಕ್ಕ ನಿಂತರೆ 5.2 ಮೀಟರ್ ಹೋಯಿತು, ಉಳಿದದ್ದು 1.8. ಎರಡೂ ಅಂಚುಗಳಲ್ಲಿ 40 ಸೆಂಟಿಮೀಟರ್ ಬಿಟ್ಟರೆ ನಡುವೆ ಸಿಗುವುದು ಒಂದು ಮೀಟರ್. ಅದರಲ್ಲಿ ನನ್ನ ಬೈಕ್ ಕಳೆದರೆ ಪ್ರತಿ ಬದಿಗೆ 11 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಇಷ್ಟು ವರ್ಷ ಈ ಅರ್ಧ ಗೇಣನ್ನು ನಂಬಿ ಓಡಾಡಿದ್ದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ದೊಡ್ಡ ಬಸ್ಸಿನ ಉದ್ದ 11-12 ಮೀಟರ್. ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ 5 ಕಿಲೋಮೀಟರಿನಲ್ಲಿ ಅದನ್ನು ದಾಟಲು ಎಂಟರಿಂದ ಒಂಬತ್ತು ಸೆಕೆಂಡು ಬೇಕು. ಆ ಎಂಟು ಸೆಕೆಂಡು ಎರಡೂ ವಾಹನಗಳು ಅಲುಗಾಡುವುದಿಲ್ಲ ಎಂದು ನನಗೆ ಖಾತ್ರಿ ಇದೆಯೇ? ಈಗ ಸಂದಿಗೆ ಮುಂಚಕ್ರ ಇಡುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು. ಮುಂದಿನ ಸಿಗ್ನಲ್ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಗೊತ್ತಿಲ್ಲದಿದ್ದರೆ, ಅಥವಾ ಸಂದಿಯ ಆ ತುದಿಯಲ್ಲಿ ನನ್ನ ಬೈಕಿಗೆ ನಿಲ್ಲಲು ಖಾಲಿ ಜಾಗ ಕಾಣದಿದ್ದರೆ ನಾನು ಹೋಗುವುದಿಲ್ಲ. ಚಲಿಸುತ್ತಿರುವ ಎರಡು ದೊಡ್ಡ ವಾಹನಗಳ ನಡುವೆ ಅಂತೂ ಎಂದಿಗೂ ಇಲ್ಲ.

ನಿಂತ ಸಾಲಿನಲ್ಲಿ ಮುಂದೆ ಹೋಗುವಾಗ ಈಗ ಸಂದಿಯನ್ನು ನೋಡುತ್ತಾ ಕೂರುವುದಿಲ್ಲ, ಮುಂದಿನ ಚಕ್ರಗಳನ್ನು ನೋಡುತ್ತೇನೆ. ವಾಹನದ ಮೈ ಅಲುಗುವ ಮೊದಲೇ ಚಕ್ರ ತಿರುಗಿರುತ್ತದೆ. ಆಟೋದಲ್ಲಿ ಚಾಲಕನ ಭುಜ ಇನ್ನೂ ಮೊದಲೇ ಹೇಳುತ್ತದೆ. ಅವನು ಸೀಟಿನಲ್ಲಿ ಸ್ವಲ್ಪ ವಾಲಿದರೆ ಮುಂಚಕ್ರ ಆ ಕಡೆಗೇ ಬರುತ್ತದೆ, ಇಂಡಿಕೇಟರ್ ಬರಲಿ ಬಾರದಿರಲಿ. ಕಾರಿನೊಳಗೆ ಯಾರಾದರೂ ಚೀಲ ಎತ್ತಿಕೊಳ್ಳುತ್ತಿದ್ದರೆ ಬಾಗಿಲು ತೆರೆದುಕೊಳ್ಳುತ್ತದೆ ಎಂದೇ ಲೆಕ್ಕ. ಬಸ್ಸಿನ ಏರ್‌ಬ್ರೇಕ್ 'ಸುಸ್' ಎಂದರೆ ಅದು ಹೊರಟಿತು. ಇವನ್ನೆಲ್ಲ ಕೇಳಬೇಕಾದರೆ ಕಿವಿ ಬೇಕು. ಆ ಟೊಪ್ಪಿಯನ್ನು ಕತ್ತರಿಸಿ ಎಸೆದೆ. ರೇನ್‌ಕೋಟಿನ ಸಡಿಲ ಅಂಚುಗಳಿಗೆ ಗುಂಡಿ ಹೊಲಿಸಿದೆ, ಏಕೆಂದರೆ ಪಿಕಪ್ಪಿನ ಹಗ್ಗದ ಕೊಕ್ಕೆಗೆ ಅವು ಸಿಕ್ಕಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ.

ಬ್ರೇಕಿನ ವಿಷಯ ಬಿಡಿಸಿ ಹೇಳಬೇಕು. ನನ್ನನ್ನು ಬೀಳಿಸಿದ್ದು ಬಸ್ಸಿಗಿಂತ ಹೆಚ್ಚಾಗಿ ನನ್ನ ಬಲಗೈ. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಿಲ್ಲಿಸುವ ಬಲ ಬಹುಪಾಲು ಮುಂಬ್ರೇಕಿನದೇ. ಆದರೆ ನಡಿಗೆಯ ವೇಗದಲ್ಲಿ, ಹ್ಯಾಂಡಲ್ ಓರೆಯಾಗಿರುವಾಗ ಅದನ್ನು ಒತ್ತಿದರೆ ಬೈಕ್ ತಿರುಗಿದ ಕಡೆಗೆ ಮಗುಚುತ್ತದೆ. ಸಂದಿಯಲ್ಲಿ ಅರ್ಧ ಕ್ಲಚ್, ಸ್ವಲ್ಪ ಆಕ್ಸಿಲರೇಟರ್, ಬಲಗಾಲಿನಲ್ಲಿ ಹಿಂಬ್ರೇಕಿನ ಮೇಲೆ ಮೆಲ್ಲನೆಯ ಒತ್ತಡ. ಇದನ್ನು ನಾನು ಮೈದಾನದಲ್ಲಿ ಎರಡು ಸಾಲು ಇಟ್ಟಿಗೆ ಇಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ಕಾಲು ನೆಲಕ್ಕೆ ಊರದೆ ಹತ್ತು ಮೀಟರ್ ದಾಟಲು ಆಗದವರು ಬಸ್ಸುಗಳ ನಡುವೆ ಹೋಗಲೇಬಾರದು ಎಂಬುದು ನನ್ನ ಅಭಿಪ್ರಾಯ. ಮಳೆಯಲ್ಲಿ ಜೀಬ್ರಾ ಪಟ್ಟಿಯ ಬಣ್ಣ ಮತ್ತು ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಯಾವ ಬ್ರೇಕನ್ನೂ ಮುಟ್ಟುವುದಿಲ್ಲ.

ನಿಂತ ಬಸ್ಸಿನ ಎಡಕ್ಕೆ ಹೋಗುವುದನ್ನು ಸಂಪೂರ್ಣ ಬಿಟ್ಟಿದ್ದೇನೆ. ನಮ್ಮ ಖಾಸಗಿ ಬಸ್ಸುಗಳು ಸಮಯಕ್ಕೆ ಓಡುವ ಅವಸರದಲ್ಲಿ ಕೈ ತೋರಿದಲ್ಲಿ ನಿಲ್ಲುತ್ತವೆ, ಬಸ್ ಪೂರ್ತಿ ನಿಲ್ಲುವ ಮೊದಲೇ ಜನ ಜಿಗಿಯುತ್ತಾರೆ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿಯುವ ತಾಯಿಗೆ ಅಲ್ಲಿ ಬೈಕ್ ಬರಬಹುದು ಎಂಬ ಕಲ್ಪನೆಯೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬಸ್ ಎಡಕ್ಕೆ ತಿರುಗಿದರೆ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರದೆ ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಿನಿಬಸ್ಸಿನ ಹಿಂದೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಊರೊಳಗಿನ ಗೋಪಿ ವೃತ್ತದಲ್ಲೂ ನಡೆಯುವುದು ಅದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಲೇನುಗಳ ನಡುವೆ ಬೈಕ್ ಓಡಿಸುವುದಕ್ಕೆ ಕಾನೂನಿನಲ್ಲೇ ಮಾನ್ಯತೆ ಇದೆ. ಅದಕ್ಕೆ ಎರಡು ವರ್ಷ ಮೊದಲು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಆರು ಸಾವಿರ ಬೈಕ್ ಅಪಘಾತಗಳನ್ನು ಪರಿಶೀಲಿಸಿ, ಸುತ್ತಲಿನ ವಾಹನಗಳ ವೇಗ ಗಂಟೆಗೆ 80 ಕಿಲೋಮೀಟರ್ ಮೀರದೆ, ಬೈಕಿನ ವೇಗ ಅವುಗಳಿಗಿಂತ 24 ಕಿಲೋಮೀಟರಿಗಿಂತ ಹೆಚ್ಚಾಗದೆ ಇದ್ದರೆ ಅದು ಸಾಪೇಕ್ಷವಾಗಿ ಸುರಕ್ಷಿತ ಎಂದು ಕಂಡುಕೊಂಡರು. ಕೆಲವು ಯುವಕರು ಇದನ್ನು ನನಗೆ ಸಮರ್ಥನೆಯಾಗಿ ಹೇಳುತ್ತಾರೆ. ಅಲ್ಲಿ ಲೇನುಗಳಿವೆ, ಅದರೊಳಗೇ ಹೋಗುವ ಕಾರುಗಳಿವೆ. ಬಿ.ಎಚ್. ರಸ್ತೆಯಲ್ಲಿ ಹಸು, ತಳ್ಳುಗಾಡಿ, ಎದುರು ದಿಕ್ಕಿನಿಂದ ಬರುವ ಸ್ಕೂಟರ್ ಇವೆ. ನಾನು ಆ ಅಧ್ಯಯನದಿಂದ ತೆಗೆದುಕೊಂಡದ್ದು ಒಂದೇ: ಅಪಾಯ ಇರುವುದು ವೇಗದ ವ್ಯತ್ಯಾಸದಲ್ಲಿ. ನಮ್ಮ ರಸ್ತೆಗೆ 24 ತೀರ ಹೆಚ್ಚು, ಹತ್ತನ್ನು ದಾಟಬಾರದು ಎಂದು ನನಗೆ ನಾನೇ ಗೆರೆ ಎಳೆದುಕೊಂಡಿದ್ದೇನೆ. ನಮ್ಮ ಕಾನೂನಿನಲ್ಲಿ ಹೀಗೆ ನುಸುಳಲು ಅನುಮತಿ ಕೊಡುವ ಪ್ರತ್ಯೇಕ ನಿಯಮವೇ ಇಲ್ಲ ಎಂಬುದನ್ನೂ ನೆನಪಿಡಬೇಕು.

ಕೆಲಸಕ್ಕೆ ಮರಳಿದ ಮೇಲೆ 20 ದಿನ ವಿನೋಬನಗರದ ಮನೆಯಿಂದ ಬಸ್ ನಿಲ್ದಾಣದ ಹತ್ತಿರದ ಆಸ್ಪತ್ರೆಗೆ ಹೋಗುವ ಸಮಯವನ್ನು ಡೈರಿಯಲ್ಲಿ ಬರೆದಿಟ್ಟೆ. ಮೊದಲಿನಂತೆ ನುಗ್ಗಿ ಹೋಗುತ್ತಿದ್ದಾಗ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದು ನನಗೆ ಬಾಯಿಪಾಠ. ವ್ಯತ್ಯಾಸ ಹೆಚ್ಚೆಂದರೆ ಮೂರೂವರೆ ನಿಮಿಷ. ವೈದ್ಯರ ಕೋಣೆಯ ಹೊರಗೆ ನಾನು ಪ್ರತಿದಿನ ಅರ್ಧ ಗಂಟೆ ಕಾಯುತ್ತೇನೆ.

ಈಗ ತಮ್ಮನ ಮಗ ಬೈಕ್ ಕಲಿತಿದ್ದಾನೆ. ಕಳೆದ ತಿಂಗಳು ಅವನನ್ನು ಹಿಂದೆ ಕೂರಿಸಿಕೊಂಡು, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು, ನೆಹರೂ ರಸ್ತೆಯಲ್ಲಿ ಸಂಜೆಯ ದಟ್ಟಣೆಯಲ್ಲಿ ಓಡಾಡಿದೆ. ಒಂದು ಸಂದಿ ತೆರೆದಿತ್ತು, ಆದರೆ ಅದರ ಆ ತುದಿ ಕಾಣುತ್ತಿರಲಿಲ್ಲ. ನಿಂತೆ. ಹಿಂದಿನಿಂದ ಮೂರು ಬೈಕುಗಳು ಹಾರ್ನ್ ಮಾಡಿದವು. ಈ ಹಾರ್ನ್ ಸಹಿಸಲಾಗದೆ ಸಂದಿಗೆ ಇಳಿದವರನ್ನು ನಾನು ಬಹಳ ಕಂಡಿದ್ದೇನೆ, ನಾನೂ ಇಳಿದಿದ್ದೇನೆ. ಈಗ ಮಾಡುವುದು ಇಷ್ಟೇ: ಬೈಕನ್ನು ಒಂದು ಮೊಳ ಬದಿಗೆ ಸರಿಸುತ್ತೇನೆ, ಹಿಂದಿನವರು ಬೇಕಾದರೆ ಹೋಗಲಿ ಎಂದು ಕೈ ತೋರಿಸುತ್ತೇನೆ. ಅವತ್ತು ಇಬ್ಬರು ಹೋದರು. ಮೂರನೆಯವನು ಸಂದಿಯನ್ನು ಒಮ್ಮೆ ಇಣುಕಿ ನೋಡಿ ನಮ್ಮ ಪಕ್ಕದಲ್ಲೇ ಕಾಲೂರಿ ನಿಂತ.