ಒಂದರಲ್ಲೇ ನಿಲ್ಲಿಸಬೇಡಿ: ಸಿಡ್ನಿಯ ಬಡಾವಣೆ ಕ್ಷೇತ್ರದಲ್ಲಿ ಮತ ಹಾಕುವ ಬಗೆ

ಸಿಡ್ನಿಯ ನಗರಕೇಂದ್ರದಿಂದ ವಾಯವ್ಯಕ್ಕೆ, ಪ್ಯಾರಮಟ್ಟಾ ನದಿಯ ಉತ್ತರ ದಂಡೆಯ ಬಡಾವಣೆಗಳನ್ನು ಒಳಗೊಂಡ ರೈಡ್, ನ್ಯೂ ಸೌತ್ ವೇಲ್ಸ್ ವಿಧಾನಸಭೆಯ 93 ಕ್ಷೇತ್ರಗಳಲ್ಲಿ ಒಂದು. 2008ರ ಉಪಚುನಾವಣೆಯಿಂದ ಅದನ್ನು ಪ್ರತಿನಿಧಿಸುತ್ತಿದ್ದ ಲಿಬರಲ್ ಪಕ್ಷದ ವಿಕ್ಟರ್ ಡೊಮಿನೆಲೊ 2023ರಲ್ಲಿ ಸ್ಪರ್ಧಿಸಲಿಲ್ಲ. ಆ ಚುನಾವಣೆಯಲ್ಲಿ ಅದೇ ಪಕ್ಷದ ಜೋರ್ಡನ್ ಲೇನ್ ಲೇಬರ್ ಪಕ್ಷದ ಅಭ್ಯರ್ಥಿಯೆದುರು ಗೆದ್ದ ಅಂತರ 60 ಮತಗಳಿಗೂ ಕಡಿಮೆ. ಮುಂದಿನ ಚುನಾವಣೆ 2027ರ ಮಾರ್ಚ್ ತಿಂಗಳಲ್ಲಿ ನಡೆಯಬೇಕಿದೆ. ಇತ್ತೀಚೆಗೆ ಪೌರತ್ವ ಪಡೆದ ಕನ್ನಡಿಗರಲ್ಲಿ ಹಲವರಿಗೆ ಅದು ಅಲ್ಲಿನ ಮೊದಲ ರಾಜ್ಯ ಚುನಾವಣೆಯಾಗಲಿದೆ.

ಮೊದಲ ಕೆಲಸ ಮತದಾರರ ಪಟ್ಟಿಯದು. ಅಲ್ಲಿ ಹೆಸರು ಸೇರಿಸುವುದೂ ಕಡ್ಡಾಯ, ಮತ ಹಾಕುವುದೂ ಕಡ್ಡಾಯ. ಸರಿಯಾದ ಕಾರಣವಿಲ್ಲದೆ ತಪ್ಪಿಸಿಕೊಂಡರೆ ರಾಜ್ಯ ಚುನಾವಣೆಯಲ್ಲಿ 55 ಡಾಲರ್ ದಂಡ. ಒಮ್ಮೆ ನೋಂದಾಯಿಸಿದರೆ ದೇಶದ, ರಾಜ್ಯದ ಹಾಗೂ ಸ್ಥಳೀಯ ಚುನಾವಣೆಗಳಿಗೆಲ್ಲ ಅದೇ ಸಾಕು. ಆದರೆ ಬಾಡಿಗೆ ಮನೆ ಬದಲಿಸಿದವರು ವಿಳಾಸವನ್ನೂ ಬದಲಿಸಬೇಕು, ಏಕೆಂದರೆ ಒಂದು ರಸ್ತೆ ದಾಟಿದರೆ ಕ್ಷೇತ್ರವೇ ಬೇರೆಯಾಗಬಹುದು. ಮನೆ ಬದಲಿಸದವರೂ ತಮ್ಮ ಕ್ಷೇತ್ರ ಯಾವುದೆಂದು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮತದಾರರ ಸಂಖ್ಯೆ ಸರಿದೂಗಲೆಂದು ಗಡಿಗಳನ್ನು ಆಗಾಗ ಮರುರೂಪಿಸುತ್ತಾರೆ.

ಮತದಾನ ಶನಿವಾರ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ, ಹೆಚ್ಚಾಗಿ ಶಾಲೆಗಳಲ್ಲಿ. ಗೇಟಿನ ಬಳಿ ಪಕ್ಷದವರು ‘ಹೀಗೆ ಮತ ಹಾಕಿ’ ಎಂಬ ಚೀಟಿ ಹಿಡಿದು ನಿಂತಿರುತ್ತಾರೆ. ಪಕ್ಕದಲ್ಲೇ ಶಾಲೆಯ ನಿಧಿಗೆಂದು ಸಾಸೇಜ್ ಸುಡುವ ಹೊಗೆ ಏಳುತ್ತಿರುತ್ತದೆ. ಆ ಚೀಟಿ ಪಕ್ಷದ ಸಲಹೆಯೇ ಹೊರತು ನಿಯಮವಲ್ಲ. ಒಳಗೆ ಗುರುತಿನ ಚೀಟಿ ಕೇಳುವುದಿಲ್ಲ: ಹೆಸರು, ವಿಳಾಸ, ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ ಎಂಬ ಪ್ರಶ್ನೆ, ಅಷ್ಟೇ.

ಕೈಗೆ ಎರಡು ಮತಪತ್ರ ಬರುತ್ತವೆ. ಚಿಕ್ಕದು ವಿಧಾನಸಭೆಯದು, ಎಡವುವುದು ಇಲ್ಲಿಯೇ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯ ಮತ ಹೊಸದೇನಲ್ಲ: ಮೆಚ್ಚಿದವರ ಮುಂದೆ 1, ನಂತರದವರಿಗೆ 2, 3. ಆಸ್ಟ್ರೇಲಿಯಾದ ಸಂಸತ್ತಿನ ಕೆಳಮನೆಗೆ ಮತ ಹಾಕುವಾಗ ಎಲ್ಲ ಚೌಕಗಳನ್ನೂ ತುಂಬಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಹಾಗಲ್ಲ, 1 ಎಂದು ಬರೆದರೆ ಸಾಕು, ಮತ ಸಿಂಧು. ಈ ‘ಸಾಕು’ ಎಂಬುದನ್ನು ನಂಬಿ ಅಲ್ಲಿಗೇ ಪೆನ್ಸಿಲ್ ಕೆಳಗಿಡುವುದು ನನ್ನ ಪ್ರಕಾರ ಅರ್ಧ ಮತ ಹಾಕಿದಂತೆ.

ಏಕೆಂದರೆ, ನಾಲ್ವರು ಕಣದಲ್ಲಿದ್ದು 100 ಮತ ಬಿದ್ದಿವೆ ಎಂದುಕೊಳ್ಳಿ: ಕ 40, ಖ 36, ಗ 16, ಘ 8. ಯಾರಿಗೂ ಅರ್ಧ ದಾಟಿಲ್ಲವಾದ್ದರಿಂದ ಕೊನೆಯವರಾದ ಘ ಹೊರಬೀಳುತ್ತಾರೆ. ಅವರ 8 ಚೀಟಿಗಳಲ್ಲಿ 3 ಖ ಅವರಿಗೆ, 2 ಗ ಅವರಿಗೆ ಹೋಗುತ್ತವೆ. ಉಳಿದ 3ರಲ್ಲಿ ಎರಡನೆಯ ಸಂಖ್ಯೆಯೇ ಇಲ್ಲ, ಅವು ಬದಿಗೆ ಬೀಳುತ್ತವೆ. ಮುಂದೆ ಗ ಹೊರಬಿದ್ದಾಗ ಅವರ 18ರಲ್ಲಿ 5 ಕ ಅವರಿಗೆ, 8 ಖ ಅವರಿಗೆ, 5 ಮತ್ತೆ ಬದಿಗೆ. ಕೊನೆಗೆ ಕ 45, ಖ 47. ಮೊದಲ ಸುತ್ತಿನಲ್ಲಿ ಹಿಂದಿದ್ದ ಖ ಗೆದ್ದರು. ಅಂತರ 2, ಬದಿಗೆ ಬಿದ್ದ ಚೀಟಿಗಳು 8. ಆದ್ದರಿಂದ ಗೆಲ್ಲುವ ಸಾಧ್ಯತೆ ಕಡಿಮೆಯಿರುವ ಸಣ್ಣ ಪಕ್ಷಕ್ಕೆ 1 ಕೊಡುವವರು, ಇಬ್ಬರು ಪ್ರಮುಖರಲ್ಲಿ ಯಾರು ವಾಸಿ ಎಂಬುದನ್ನಾದರೂ ಸಂಖ್ಯೆಯಲ್ಲಿ ಹೇಳಿಯೇ ಹೊರಬರಬೇಕು.

ದೊಡ್ಡ ಹಾಳೆ ಮೇಲ್ಮನೆಯದು. 1999ರಲ್ಲಿ 264 ಅಭ್ಯರ್ಥಿಗಳಿದ್ದ ಅದನ್ನು ಜನ ‘ಮೇಜುಬಟ್ಟೆ’ ಎಂದು ಕರೆದಿದ್ದರು. ಅದರ ಅಡ್ಡಗೆರೆಯ ಮೇಲ್ಭಾಗದಲ್ಲಿ ಪಕ್ಷ ಅಥವಾ ಗುಂಪುಗಳಿಗೆ, ಕೆಳಭಾಗದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಚೌಕಗಳಿರುತ್ತವೆ. ಮೇಲ್ಭಾಗದಲ್ಲಿ ಒಂದು ಗುಂಪಿಗೆ 1 ಕೊಟ್ಟರೆ ಸಾಕು. ಗೆರೆಯ ಕೆಳಗೆ ಬರೆಯುವುದಾದರೆ ಕನಿಷ್ಠ 15 ಅಭ್ಯರ್ಥಿಗಳಿಗೆ ಸಂಖ್ಯೆ ನೀಡಬೇಕು.

ಸಂಖ್ಯೆ ತಪ್ಪಿತೆಂದು ಗಾಬರಿಯಾಗಿ ತಿದ್ದಿ ಬರೆಯುವುದು ಬೇಡ. ಪೆಟ್ಟಿಗೆಗೆ ಹಾಕುವ ಮೊದಲು ಸಿಬ್ಬಂದಿಗೆ ಹೇಳಿ ಹಳೆಯದನ್ನು ಹಿಂದಿರುಗಿಸಿದರೆ ಹೊಸ ಮತಪತ್ರ ಕೊಡುತ್ತಾರೆ.